ದನಿ ಏನು ಹೇಳ್ತಿದೆ ಅಂತ ಒಂದ್ಸಲ ಕೇಳಿ ನೋಡಿ

ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡೋ ಹಂತಕ್ಕೆ ನಾವು ಜ್ವರ ಅಂತೀವಿ) ಎದ್ದ ಮೇಲೆ ಸೊಪ್ಪು ತಿನ್ನೋ ಸದ್ದು ಕೇಳಿದೀರಾ? ಶಿಡ್ಲಘಟ್ಟ, ಚಿಂತಾಮಣಿ ಕಡೆಯೋರಿಗೆ ಹೇಳೋದೇ ಬೇಡ. ರಾತ್ರಿ ಹನ್ನೊಂದು ಗಂಟೆಗೆ ಹುಳದ ಮನೆ ಬಾಗ್ಲು ತೆಗೆದ್ರೆ ಶೀಟಿನ ಮೇಲೆ ಸೋನೆ ಮಳೆ ಬಿದ್ದಂಗೆ ಸರಸರ ಅಂತ ಒಂದೇ ಸಮ ಬರ್ತಾ ಇರುತ್ತೆ. ನಮಗೆ ಅದು ಸಮಾಧಾನದ ಸದ್ದು, ಹುಳ ಚೆನ್ನಾಗಿ ಮೇಯ್ತಿದೆ ಅಂದ್ರೆ ಗೂಡೂ ಚೆನ್ನಾಗಾಗುತ್ತೆ ಅಂತ. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯೋನು, ಅವನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ಅವನಿಗೆ ಅದೇ ಸದ್ದಿನ ಜೊತೇಲಿ ಜನ ಮಾತಾಡೋದು ಕೇಳ್ಸೋದು. ಅವನ ಬಗ್ಗೇನೇ ಮಾತು. ತಟ್ಟೆ ಹಿಡ್ಕೊಂಡ, ಈಗ ಬಗ್ಗಿದ, ನೋಡು ಹೆಂಗೆ ಬಗ್ತಾನೆ, ಇವನ ಕೈಯಲ್ಲಿ ಏನಾಗುತ್ತೆ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಚಂದ್ರಿಕೆ ಅನ್ನೋ ಬಿದಿರಿನ ತಟ್ಟಿ ಹತ್ತಿದ ಮೇಲೆ ಮನೆ ನಿಶ್ಶಬ್ದ ಆಗುತ್ತಲ್ಲ, ಆಗ ಆ ಮಾತೂ ನಿಂತೋಗೋದು.

ಮನೇಲಿ ಎಲ್ರೂ ಏನಂದ್ಕೊಂಡ್ರು ಅಂದ್ರೆ ಇವನು ಕೆಲಸಗಳ್ಳ, ಹುಳ ಇರೋವಾಗ್ಲೇ ಇವನಿಗೆ ತಲೆ ಕೆಡುತ್ತೆ, ಗೂಡು ಮಾರ್ಕೆಟ್ಟಿಗೆ ಹೋದ್ಮೇಲೆ ಸರಿಹೋಗ್ತಾನೆ. ನಿಜ ಹೇಳ್ಬೇಕಂದ್ರೆ ನಾನೂ ಹಾಗೇ ಅಂದ್ಕೊಂಡಿದ್ದೆ. ಎಷ್ಟೋ ವರ್ಷ ಆದ್ಮೇಲೆ ಒಬ್ರು ಡಾಕ್ಟ್ರು ಹೇಳಿದ್ರು, ಇದಕ್ಕೆ ಫಂಕ್ಷನಲ್ ಹ್ಯಾಲುಸಿನೇಷನ್ ಅಂತ ಹೆಸರೇ ಇದೆ, ನಲ್ಲಿ ನೀರೋ ಫ್ಯಾನೋ ಯಾವುದಾದ್ರೂ ನಿಜವಾದ ಸದ್ದು ಇರೋವರೆಗೂ ಜೊತೇಲಿ ಮಾತು ಕೇಳುತ್ತೆ, ಸದ್ದು ನಿಂತ್ರೆ ಮಾತೂ ನಿಲ್ಲುತ್ತೆ, ಎರಡೂ ಬೇರೆಬೇರೆಯಾಗೇ ಕೇಳುತ್ತೆ ಅಂತ. ಅಂದ್ರೆ ಹುಳದ ಸದ್ದನ್ನ ಅವನು ಮಾತು ಅಂತ ತಪ್ಪು ತಿಳ್ಕೊಂಡಿರ್ಲಿಲ್ಲ, ಹುಳದ ಸದ್ದು ಹುಳದ ಸದ್ದಾಗೇ ಕೇಳ್ತಿತ್ತು, ಅದರ ಪಕ್ಕದಲ್ಲೇ ಇವರೂ ಇದ್ರು. ಆಮೇಲಾಮೇಲೆ ಹುಳ ಇಲ್ದಿದ್ರೂ ಬರೋಕೆ ಶುರುವಾಯ್ತು. ಅಷ್ಟೊತ್ತಿಗೆ ಮೂರು ವರ್ಷ ಕಳೆದಿತ್ತು, ಆ ಮೂರು ವರ್ಷದಲ್ಲಿ ಅವನನ್ನ ಮನೇಲಿ ಒಬ್ರೂ "ಏನ್ ಹೇಳ್ತಾರೋ ಅವ್ರು?" ಅಂತ ಕೇಳಿರ್ಲಿಲ್ಲ. ಎಲ್ರೂ ಹೇಳಿದ್ದು ಒಂದೇ, "ಯಾರೂ ಇಲ್ಲ, ಸುಮ್ನಿರು."

ಇದನ್ನ ಬರೀಬೇಕು ಅನ್ಸಿದ್ದೇ ಅದಕ್ಕೆ. ಸ್ಕಿಜೋಫ್ರೇನಿಯಾ ಅಂದ ತಕ್ಷಣ ನಮ್ಮ ಜನಕ್ಕೆ ಸಿನಿಮಾದಲ್ಲಿ ತೋರ್ಸೋ ಎರಡೆರಡು ವ್ಯಕ್ತಿತ್ವದ ಕೊಲೆಗಾರ ನೆನಪಿಗೆ ಬರ್ತಾನೆ. ಅದು ಬೇರೆ ಕಾಯಿಲೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಗೆನ್ ಬ್ಲಾಯ್ಲರ್ ಈ ಹೆಸರಿಟ್ಟಾಗ ಯೋಚನೆ, ಭಾವನೆ ಇವುಗಳ ಮಧ್ಯೆ ಇರೋ ಹೊಂದಾಣಿಕೆ ಒಡೆದಿದೆ ಅನ್ನೋ ಅರ್ಥದಲ್ಲಿ ಇಟ್ರು, ಒಬ್ಬನೊಳಗೆ ಇಬ್ರು ಅಂತಲ್ಲ. ಜಪಾನಿನವರಂತೂ ಅವರ ಭಾಷೆಯ ಹಳೇ ಹೆಸರೇ ಜನರನ್ನ ಹೆದರ್ಸುತ್ತೆ ಅಂತ 2002ರಲ್ಲಿ ಅದನ್ನೇ ಬದಲಾಯಿಸಿದ್ರು. ನಮ್ಮಲ್ಲಿ ಇನ್ನೂ ಮೆಂಟ್ಲು ಅನ್ನೋದ್ರಲ್ಲೇ ಇದೀವಿ.

ಈ ಕಾಯಿಲೆ ಇರೋ ನೂರು ಜನರಲ್ಲಿ 60ರಿಂದ 80 ಜನಕ್ಕೆ ದನಿ ಕೇಳುತ್ತೆ ಅಂತ ಸಾಮಾನ್ಯವಾಗಿ ಹೇಳ್ತಾರೆ. ಕೇಳುತ್ತೆ ಅಂದ್ರೆ ಕೇಳುತ್ತೆ, ಕಲ್ಪನೆ ಅಲ್ಲ, ನಾಟಕ ಅಲ್ಲ. ಕೆಲವರಿಗೆ ಕಿವಿ ಪಕ್ಕದಲ್ಲೇ ಯಾರೋ ನಿಂತು ಮಾತಾಡಿದಂಗೆ, ಕೆಲವರಿಗೆ ಪಕ್ಕದ ಮನೆ ಗೋಡೆಯಾಚೆಯಿಂದ, ಕೆಲವರಿಗೆ ತಲೆಯೊಳಗೇ. ಒಬ್ರೇ ಇರಬಹುದು, ಒಂದು ಪಂಚಾಯ್ತಿಯೇ ಕೂತಿರಬಹುದು. ನೇರವಾಗಿ "ನೀನು" ಅಂತ ಬೈಬಹುದು, ಇಲ್ಲಾ ಇಬ್ರು ಸೇರ್ಕೊಂಡು "ಅವನು" ಅಂತ ಇವನ ಬಗ್ಗೆ ಆಡ್ಕೋಬಹುದು. ಅಣ್ಣನಿಗೆ ಎರಡ್ನೇದು ಜಾಸ್ತಿ, ಅದೇ ಕಷ್ಟ ಅಂತಾನೆ. ಬೈದ್ರೆ ತಿರುಗಿ ಬೈಬಹುದು, ನನ್ನ ಎದುರಿಗೇ ನನ್ನ ಸುದ್ದಿ ಆಡ್ತಾ ಇದ್ರೆ ಯಾರಿಗೇನಂತ ಹೇಳೋದು ಅನ್ನೋದು ಅವನ ಮಾತು.

2015ರಲ್ಲಿ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ದನಿ ಕೇಳೋ 153 ಜನರ ಅನುಭವ ಬರೆಸಿ ಪ್ರಕಟಿಸಿದ್ರು. ಅದರಲ್ಲಿ 81 ಪರ್ಸೆಂಟ್ ಜನ ಒಂದಕ್ಕಿಂತ ಹೆಚ್ಚು ದನಿ ಅಂದ್ರು, 66 ಪರ್ಸೆಂಟ್ ಜನ ದನಿ ಜೊತೆಗೆ ಮೈಗೂ ಏನೋ ಆಗುತ್ತೆ ಅಂದ್ರು. ಮೈ ಬಿಸಿಯಾಗೋದು, ಜುಮ್ಮನ್ನೋದು, ಮೈಯಿಂದ ದೂರ ಇದ್ದಂಗನ್ಸೋದು, ಆ ಥರ. ನನಗೆ ಇದು ಓದಿದಾಗ ಥಟ್ ಅಂತ ಹೊಳೀತು, ಅಣ್ಣ ಹುಳದ ಮನೆಯಿಂದ ಆಚೆ ಬಂದು ತೊಟ್ಟಿ ನೀರು ತಲೆ ಮೇಲೆ ಸುರ್ಕೊಳ್ತಿದ್ದ, ಡಿಸೆಂಬರ್ ಚಳೀಲೂ. ನಾವು ಅದನ್ನ ಹುಚ್ಚಿನ ಲೆಕ್ಕಕ್ಕೆ ಹಾಕಿದ್ವಿ.

ಇನ್ನು ಇದು ಯಾಕಾಗುತ್ತೆ. ಎಲ್ರೂ ಮನಸ್ಸಲ್ಲೇ ಮಾತಾಡ್ಕೋತೀವಲ್ಲ, ಈರುಳ್ಳಿ ತರ್ಬೇಕು, ಅವಳಿಗೆ ಫೋನ್ ಮಾಡ್ಬೇಕು ಅಂತ. ಆ ಮಾತು ನಮ್ದೇ ಅಂತ ನಮಗೆ ಹೆಂಗೆ ಗೊತ್ತಾಗುತ್ತೆ? ಮೆದುಳು ಮಾತು ಶುರು ಮಾಡೋ ಮೊದ್ಲೇ ಕೇಳೋ ಭಾಗಕ್ಕೆ ಒಂದು ಸುದ್ದಿ ಕಳ್ಸುತ್ತೆ, ಈಗ ಬರೋದು ನಮ್ಮನೇದೇ ಕಣಪ್ಪ, ಗಾಬರಿ ಆಗ್ಬೇಡ ಅಂತ. ಆ ಸುದ್ದಿ ಸರಿಯಾಗಿ ಹೋಗದೇ ಇದ್ರೆ ನಮ್ಮ ಮಾತೇ ಬೇರೆಯವರ ಮಾತಾಗಿ ಕೇಳ್ಸುತ್ತೆ ಅನ್ನೋದು ಸದ್ಯಕ್ಕೆ ತುಂಬಾ ಜನ ಒಪ್ಪೋ ವಿವರಣೆ. 1993ರಲ್ಲಿ ಲಂಡನ್ನಿನ ಫಿಲಿಪ್ ಮೆಗ್ವೈರ್ ತಂಡದವರು ದನಿ ಕೇಳ್ತಾ ಇರೋವಾಗ್ಲೇ ಮೆದುಳಿನ ಸ್ಕ್ಯಾನ್ ತೆಗೆದು ನೋಡಿದ್ರೆ, ಜೋರಾಗಿ ರಕ್ತ ಹರೀತಿದ್ದದ್ದು ಬ್ರೋಕಾ ಅನ್ನೋ ಜಾಗದಲ್ಲಿ. ಅದು ಮಾತು ಹುಟ್ಸೋ ಜಾಗ. ಕಚಗುಳಿ ಉದಾಹರಣೆ ಇನ್ನೂ ಸುಲಭ. ನಮಗೆ ನಾವೇ ಕಚಗುಳಿ ಇಟ್ಕೊಂಡ್ರೆ ನಗು ಬರಲ್ಲ, ಯಾಕಂದ್ರೆ ಮೆದುಳಿಗೆ ಮೊದ್ಲೇ ಗೊತ್ತು. 2000ದಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್ ಅನ್ನೋರು ಪ್ರಯೋಗ ಮಾಡಿ ತೋರ್ಸಿದ್ರು, ದನಿ ಕೇಳೋರಿಗೆ ಅವರ ಕೈಯಿಂದಾದ ಸ್ಪರ್ಶಕ್ಕೂ ಬೇರೆಯವರ ಕೈಯಿಂದಾದ ಸ್ಪರ್ಶಕ್ಕೂ ಅಷ್ಟು ವ್ಯತ್ಯಾಸ ಅನ್ಸಲ್ಲ ಅಂತ. ಇದೇ ಪೂರ್ತಿ ಉತ್ತರ ಅಂತ ಯಾರೂ ಹೇಳಲ್ಲ. ಆ ಮಾತು ಯಾಕೆ ಇಷ್ಟು ಸಲ ಬೈಗುಳವಾಗೇ ಇರುತ್ತೆ, ಯಾಕೆ ಸತ್ತೋದ ತಾತನ ದನಿಯಲ್ಲೇ ಬರುತ್ತೆ, ಅದಕ್ಕೆ ಸ್ಕ್ಯಾನಿನಲ್ಲಿ ಉತ್ತರ ಇಲ್ಲ. ಹುಟ್ಟು ಕಿವುಡರಿಗೂ ಈ ಕಾಯಿಲೆ ಬರುತ್ತೆ, ಅವರಲ್ಲಿ ಕೆಲವರಿಗೆ ದನಿ ಬದಲು ಸನ್ನೆ ಮಾಡೋ ಕೈ, ಅಲ್ಲಾಡೋ ತುಟಿ ಕಾಣ್ಸುತ್ತಂತೆ. ಅಂದ್ರೆ ಕಿವಿಗೂ ಇದಕ್ಕೂ ಅಷ್ಟು ಸಂಬಂಧ ಇಲ್ಲ, ಆದ್ರೂ ನಮ್ಮ ದೊಡ್ಡಮ್ಮ ಎರಡು ಸಲ ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರು, ಕಿವಿಯಲ್ಲಿ ಗುಗ್ಗೆ ಅಂತ ತೆಗೆಸಿ ಕಳ್ಸಿದ್ರು.

ದನಿ ಕೇಳಿದ ಮಾತ್ರಕ್ಕೆ ಕಾಯಿಲೆ ಅಂತಲೂ ಅಲ್ಲ. ಅಜ್ಜಿ ತೀರ್ಕೊಂಡ್ಮೇಲೆ ತಿಥಿವರೆಗೂ ಅವರು ಕರೆದಂಗೆ ಆಗೋದು ಅಂತ ನಮ್ಮತ್ತೆ ಹೇಳ್ತಾರೆ, ಯಾರೂ ಅವರನ್ನ ಆಸ್ಪತ್ರೆಗೆ ಕರ್ಕೊಂಡೋಗ್ಲಿಲ್ಲ, ಹೋಗ್ಬೇಕಾಗೂ ಇರ್ಲಿಲ್ಲ. 1971ರಲ್ಲಿ ವೇಲ್ಸ್‌ನ ಡಾ. ರೀಸ್ ಅನ್ನೋರು ಗಂಡನ್ನ ಇಲ್ಲಾ ಹೆಂಡ್ತೀನ ಕಳ್ಕೊಂಡ 293 ಜನರನ್ನ ಮಾತಾಡಿಸಿದ್ರೆ ಹತ್ತಿರ ಹತ್ತಿರ ಅರ್ಧ ಜನ ಸತ್ತೋರು ಹತ್ರ ಇದ್ದಂಗೆ ಏನೋ ಒಂದು ಅನುಭವ ಆಗಿದೆ ಅಂದ್ರು, ಸುಮಾರು 13 ಪರ್ಸೆಂಟ್ ಜನ ದನಿ ಕೇಳಿದೀವಿ ಅಂದ್ರು. ಮೈಮೇಲೆ ಬರೋದೂ ಬೇರೆ. ನಮ್ಮೂರ ಜಾತ್ರೇಲಿ ಅಮ್ಮ ಮೈಮೇಲೆ ಬಂದೋರು ಹತ್ತು ಜನರೆದುರು ಮಾತಾಡ್ತಾರೆ, ನಿಂಬೆಹಣ್ಣು ಕೊಟ್ಟು ಮಂಗಳಾರತಿ ಆದ್ಮೇಲೆ ಮಾಮೂಲಿ ಆಗಿ ಟೀ ಕುಡೀತಾರೆ, ಮಾರನೇ ದಿನ ಹೊಲಕ್ಕೆ ಹೋಗ್ತಾರೆ. ಅಣ್ಣನಿಗೆ ಮಂಗಳಾರತಿ ಇರ್ಲಿಲ್ಲ. ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೂ, ಮಲಗಿದ್ರೂ.

ಗಾಳಿ ಸೋಕಿದೆ ಅಂದ್ರು, ದಾಯಾದಿಗಳು ಮಾಟ ಮಾಡ್ಸಿದಾರೆ ಅಂದ್ರು, ತಾಯತ ಆಯ್ತು, ಯಂತ್ರ ಆಯ್ತು, ಅಮಾವಾಸ್ಯೆ ಅಮಾವಾಸ್ಯೆಗೂ ಒಂದು ದೇವಸ್ಥಾನ. ದೇವಸ್ಥಾನಕ್ಕೆ ಹೋಗಿದ್ದನ್ನ ನಾನು ಬೈಯ್ಯಲ್ಲ, ಅಲ್ಲಿ ಒಬ್ರು ಪೂಜಾರಪ್ಪ ಮಾತ್ರ ಅವನನ್ನ ಕೂರಿಸ್ಕೊಂಡು ಅರ್ಧ ಗಂಟೆ ಮಾತಾಡ್ಸಿದ್ರು, ಬೇರೆ ಯಾರೂ ಅಷ್ಟೂ ಮಾಡಿರ್ಲಿಲ್ಲ. ಬೈಯ್ಯೋದು ಕಟ್ಟಾಕೋದನ್ನ. ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯೋರನ್ನ ಇಟ್ಕೊಂಡಿದ್ದ ಮನೆಗೆ 2001ರ ಆಗಸ್ಟ್ 6ನೇ ತಾರೀಖು ಬೆಂಕಿ ಬಿದ್ದಾಗ ಸರಪಳಿ ಹಾಕಿದ್ರಿಂದ ಓಡಕ್ಕಾಗದೆ 28 ಜನ ಸತ್ತೋದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕೋದನ್ನ ನೇರವಾಗೇ ನಿಷೇಧ ಮಾಡಿದೆ, ಗೊತ್ತಿರೋರು ಎಷ್ಟು ಜನ? ಆಮೇಲೆ ಆ ಗಾದೆ ಇದೆಯಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತ. ನಮ್ಮಲ್ಲಿ ಅದರ ಎರಡನೇ ಅರ್ಧವನ್ನ ಚಿಕಿತ್ಸೆ ಅಂತಾನೇ ನಂಬ್ಕೊಂಡಿದಾರೆ. ಅಣ್ಣನಿಗೂ ಒಂದು ಹುಡುಗಿ ನೋಡಿದ್ರು, ಪುಣ್ಯಕ್ಕೆ ಆಗ್ಲಿಲ್ಲ, ಪುಣ್ಯ ಆ ಹುಡುಗೀದು ಅಂತಾನೇ ಇಟ್ಕೊಳ್ಳಿ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದು. ದನಿ ಏನು ಹೇಳುತ್ತೆ ಅನ್ನೋದು ಊರಿಂದ ಊರಿಗೆ ಬದಲಾಗುತ್ತೆ. ಸ್ಟ್ಯಾನ್‌ಫರ್ಡ್‌ನ ತಾನ್ಯಾ ಲೂರ್ಮನ್ ಅನ್ನೋ ಮಾನವಶಾಸ್ತ್ರಜ್ಞೆ ಮತ್ತವರ ಜೊತೆಯವರು ಅಮೆರಿಕದ ಸ್ಯಾನ್ ಮಟೇಯೊ, ಘಾನಾದ ಆಕ್ರಾ, ನಮ್ಮ ಚೆನ್ನೈ, ಮೂರೂ ಕಡೆ ಇಪ್ಪತ್ತಿಪ್ಪತ್ತು ಜನರನ್ನ ಮಾತಾಡಿಸಿದ್ರು, ಚೆನ್ನೈನಲ್ಲಿ 1984ರಿಂದ ಸ್ಕಿಜೋಫ್ರೇನಿಯಾ ಇರೋರಿಗಾಗಿ ಕೆಲಸ ಮಾಡೋ ಸ್ಕಾರ್ಫ್ ಸಂಸ್ಥೆ ಜೊತೆ. 2015ರಲ್ಲಿ ಅಚ್ಚಾದ ಆ ಅಧ್ಯಯನದ ಪ್ರಕಾರ ಅಮೆರಿಕದೋರಿಗೆ ಹೆಚ್ಚಾಗಿ ಕೇಳೋದು ಗುರುತಿಲ್ಲದವರ ದನಿ, ಹಿಂಸೆಯ ಮಾತು, ಯುದ್ಧದ ಮಾತು. ಚೆನ್ನೈನ 20ರಲ್ಲಿ 11 ಜನಕ್ಕೆ ಮನೆಯವರದ್ದೇ ದನಿ, ಎದ್ದು ಸ್ನಾನ ಮಾಡು, ಅಡುಗೆಮನೆಗೆ ಹೋಗು, ಅಡುಗೆ ಮಾಡು ಅನ್ನೋ ಥರ. ಬೈಗುಳ ಇರ್ಲಿಲ್ಲ ಅಂತಲ್ಲ, ಇತ್ತು, ಆದ್ರೆ ಬೈಯ್ಯೋರು ಗುರುತಿನೋರು. ಮೂರು ಊರಿನ ಅರವತ್ತು ಜನರಿಂದ ಇಡೀ ಪ್ರಪಂಚದ ಲೆಕ್ಕ ಹಾಕಕ್ಕಾಗಲ್ಲ ಅನ್ನೋದು ನಿಜ. ಆದ್ರೂ ನನಗೆ ಅದು ಸುಳ್ಳು ಅನ್ಸಲ್ಲ, ಯಾಕಂದ್ರೆ ಅಣ್ಣನಿಗೆ ಕೇಳೋ ದನಿಗಳ ಪೈಕಿ ಒಂದು ನಮ್ಮ ತಾತಂದು.

ತಾತ ತೆಲುಗು ಮಾತಾಡ್ತಿದ್ರು. ನಮ್ಮ ಕಡೆ ಹಾಗೇ, ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು ಕಡೆಯೆಲ್ಲ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಬಾಗಿಲು ದಾಟಿದ್ರೆ ಕನ್ನಡ. ಅಣ್ಣನ ತಲೇಲೂ ಹಂಗೇ ಭಾಗ ಆಗಿದೆ. ತಾತ ಬಂದ್ರೆ ತೆಲುಗಲ್ಲಿ "ಏಮ್ರಾ, ಲೇಯ್ರಾ" ಅಂತ ಎಬ್ಬಿಸ್ತಾರೆ, ಏಳಿಸಿ ಕೆಲಸಕ್ಕೆ ಕಳಿಸ್ತಾರೆ. ಆಡ್ಕೊಳ್ಳೋ ಇಬ್ರು ಮಾತ್ರ ಕನ್ನಡದೋರು, ಅದೂ ನಮ್ಮ ಕೋಲಾರ ಸೀಮೆ ಕನ್ನಡ ಅಲ್ಲ, ಟೀವಿ ನ್ಯೂಸ್ ಓದೋರ ಥರ ಸ್ಪಷ್ಟ ಕನ್ನಡ. ಇದನ್ನ ಅವನು ಹೇಳಿದ್ದು ಕಾಯಿಲೆ ಶುರುವಾಗಿ ಎಂಟು ವರ್ಷಕ್ಕೆ, ನಾನು ಕೇಳಿದ್ದಕ್ಕೆ. ಆಸ್ಪತ್ರೇಲಿ ಕೇಳೋದು "ಕಿವೀಲಿ ಮಾತು ಕೇಳ್ಸುತ್ತಾ? ಕಮ್ಮಿ ಆಗಿದೆಯಾ?" ಇಷ್ಟೇ. ಡಾಕ್ಟ್ರನ್ನ ದೂರೋ ಹಾಗೂ ಇಲ್ಲ, ಆಚೆ ಅರವತ್ತು ಜನ ಚೀಟಿ ಹಿಡ್ಕೊಂಡು ನಿಂತಿರ್ತಾರೆ. ಆದ್ರೆ ತಾತನ ದನಿ ಅವನಿಗೆ ಬೇಕು, ಆ ಇಬ್ರು ಬೇಡ, ಮಾತ್ರೆ ನುಂಗಿದ್ರೆ ಮೂವರೂ ಹೋಗ್ತಾರೆ, ಅದಕ್ಕೇ ಅವನು ಮಾತ್ರೆ ಬಿಡ್ತಿದ್ದ. ಈ ಒಂದು ವಿಷಯ ಗೊತ್ತಿದ್ದಿದ್ರೆ ಎಷ್ಟು ಜಗಳ ಉಳೀತಿತ್ತು.

ನೆದರ್ಲೆಂಡ್ಸ್‌ನಲ್ಲಿ ಇದೇ ಜಗಳದಿಂದ ಒಂದು ಚಳವಳಿನೇ ಹುಟ್ಕೊಂಡಿದೆ. ಮನೋವೈದ್ಯ ಮಾರಿಯಸ್ ರೋಮೆ ಹತ್ರ ಬರ್ತಿದ್ದ ಪ್ಯಾಟ್ಸಿ ಹೇಗ್ ಅನ್ನೋ ಹೆಣ್ಣುಮಗಳು ಒಂದಿನ ಕೇಳೇಬಿಟ್ರು, ನೀವು ಕಣ್ಣಿಗೆ ಕಾಣ್ದೇ ಇರೋ ದೇವರನ್ನ ನಂಬ್ತೀರಿ, ನಾನು ನಿಜವಾಗ್ಲೂ ಕೇಳ್ತಿರೋ ದನಿಯನ್ನ ಯಾಕೆ ನಂಬಲ್ಲ ಅಂತ. 1987ರಲ್ಲಿ ಇಬ್ರೂ ಟೀವಿಯಲ್ಲಿ ಕೂತು ಮಾತಾಡಿದ್ರು, ದನಿ ಕೇಳೋ ನೂರಾರು ಜನ ಫೋನ್ ಮಾಡಿದ್ರು, ಅವರಲ್ಲಿ ಎಷ್ಟೋ ಜನ ಯಾವತ್ತೂ ಆಸ್ಪತ್ರೆಗೇ ಹೋಗಿರ್ಲಿಲ್ಲ. ಅಲ್ಲಿಂದ ದನಿ ಕೇಳೋರು ಒಟ್ಟಿಗೆ ಕೂತು ಮಾತಾಡೋ ಗುಂಪುಗಳು ಬೇರೆ ದೇಶಕ್ಕೂ ಹಬ್ಬಿದ್ವು. ಲಂಡನ್ನಿನಲ್ಲಿ ಜೂಲಿಯನ್ ಲೆಫ್ ಅನ್ನೋ ಡಾಕ್ಟ್ರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕಂಪ್ಯೂಟರ್ರಲ್ಲಿ ಆ ದನಿಗೆ ಒಂದು ಮುಖ ಮಾಡ್ಸಿ, ಅದರ ಎದುರು ಕೂತು ತಿರುಗಿ ಮಾತಾಡೋದನ್ನ ಕಲಿಸೋಕೆ ಶುರು ಮಾಡಿದ್ರು, ಅವತಾರ್ ಥೆರಪಿ ಅಂತ ಅದಕ್ಕೆ ಹೆಸರು. ಹೆಸರು ಮಾತ್ರ ನಮ್ದು, ಚಿಕಿತ್ಸೆ ನಮ್ಮ ತಾಲ್ಲೂಕಿಗೆ ಯಾವಾಗ ಬರುತ್ತೋ.

ಹಾಗಂತ ಮಾತ್ರೆ ಬೇಡ ಅಂತ ಓದ್ಕೋಬೇಡಿ. ನಾನು ಮಾತ್ರೆ ಪಕ್ಷಾನೇ. ತುಂಬಾ ಜನಕ್ಕೆ ದನಿಯ ಜೋರು ಇಳಿಸೋದು ರಿಸ್ಪೆರಿಡೋನ್, ಒಲಾಂಜಪಿನ್ ಥರದ್ದೇ, ಮೆದುಳಿನ ಡೋಪಮಿನ್ ಅನ್ನೋ ರಾಸಾಯನಿಕದ ಕೆಲಸವನ್ನ ತಡೆಯೋ ಔಷಧಿಗಳು. ಸುಮಾರು ಮೂರರಲ್ಲೊಬ್ರಿಗೆ ಅವೂ ಸಾಕಾಗಲ್ಲ, ಆಗ ಕ್ಲೋಜಪಿನ್ ಕೊಡ್ತಾರೆ, ಅದಕ್ಕೆ ಬಿಳಿ ರಕ್ತಕಣದ ಟೆಸ್ಟ್ ತಪ್ಪದೇ ಮಾಡಿಸ್ಬೇಕು. ಈ ಔಷಧಿಗಳಿಂದ ತೂಕ ಏರಬಹುದು, ಶುಗರ್ ಬರಬಹುದು, ಕೆಲವರಿಗೆ ಕೈ ನಡುಗುತ್ತೆ, ಮೈ ಬಿಗಿಯುತ್ತೆ, ಇದನ್ನೆಲ್ಲಾ ಮುಚ್ಚಿಟ್ಟು "ಏನೂ ಆಗಲ್ಲ ತಗೋ" ಅಂದ್ರೆ ಅವನು ಆಮೇಲೆ ಯಾರ ಮಾತೂ ನಂಬಲ್ಲ. ಗಾಂಜಾ ಸೇದೋ ಹುಡುಗ್ರಿಗಂತೂ ಇದು ಬರೋ ಅಪಾಯ ಜಾಸ್ತಿ, ಬಂದ್ರೆ ಬೇಗನೂ ಬರಬಹುದು.

ನಂಬೋ ವಿಷಯ ಬಂದಿದ್ದಕ್ಕೆ ಇದನ್ನ ಹೇಳ್ಬೇಕು. ಅಣ್ಣ ಮಾತ್ರೆ ಬಿಟ್ಟಾಗ ಯಾರೋ ಹೇಳಿದ್ರು ಅಂತ ದೊಡ್ಡಮ್ಮ ಬಣ್ಣ ಇಲ್ಲದ ದ್ರವ ಔಷಧಿ ತರಿಸಿ ಸಾರಿಗೆ ಹಾಕಿ ಕೊಡ್ತಿದ್ರು. ನಮ್ಮ ಕಡೆ ಎಷ್ಟೋ ಮನೇಲಿ ಹಿಂಗೇ ಮಾಡ್ತಾರೆ, ತಾಯಿ ಹೊಟ್ಟೆ ಉರಿ, ತಪ್ಪು ಅನ್ನೋಕೂ ಬಾಯಿ ಬರಲ್ಲ. ಅಣ್ಣನಿಗೆ ಆ ಇಬ್ರು ಹೇಳ್ತಿದ್ದದ್ದೇ "ಊಟದಲ್ಲಿ ಏನೋ ಹಾಕಿದಾರೆ" ಅಂತ. ಒಂದಿನ ಮುದ್ದೆ ಮುರ್ಕೊಂಡು ಕೂತಿದ್ದೋನು ನೀರಿಗೆ ಅಂತ ಎದ್ದು ಒಳಗೆ ಹೋದ, ದೊಡ್ಡಮ್ಮನ ಕೈಯಲ್ಲಿ ಸಣ್ಣ ಬಾಟ್ಲು, ಡ್ರಾಪರ್ ಇನ್ನೂ ಸಾರಿನ ಬಟ್ಟಲ ಮೇಲೇ ಇತ್ತು. ಅವನು ಕೂಗಾಡ್ಲಿಲ್ಲ. "ನೋಡ್ದಾ, ಅವ್ರು ಹೇಳಿದ್ದೇ ನಿಜ" ಅಂತ ನನ್ನ ಕಡೆ ತಿರುಗಿ ಹೇಳಿ ಹೊರಟೋದ. ಆರು ತಿಂಗಳು ಮನೇಲಿ ಊಟ ಮಾಡ್ಲಿಲ್ಲ, ಬಸ್‌ಸ್ಟ್ಯಾಂಡ್ ಹೋಟ್ಲಲ್ಲೇ ತಿಂತಿದ್ದ. "ಯಾರೂ ಇಲ್ಲ, ಸುಮ್ನಿರು" ಅಂತ ಇಷ್ಟು ವರ್ಷ ಹೇಳಿದ ನಾವೇ ಆ ಇಬ್ಬರ ಕಡೆ ಸಾಕ್ಷಿ ಹೇಳಿಬಿಟ್ವಿ. ಈಗ ಅವನಿಗೆ ತಿಂಗಳಿಗೊಂದು ಇಂಜೆಕ್ಷನ್, ಅವನೇ ಒಪ್ಪಿ ತಗೊಳ್ಳೋದು, ಡೋಸ್ ಎಷ್ಟಿರ್ಬೇಕು ಅಂತ ಡಾಕ್ಟ್ರ ಜೊತೆ ಅವನೇ ಚೌಕಾಶಿ ಮಾಡ್ತಾನೆ. ತಾತ ಅಪರೂಪಕ್ಕೆ ಬರ್ತಾರಂತೆ.

ವ್ಯವಸ್ಥೆ ಬಗ್ಗೆ ಎರಡು ಮಾತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡೋಕೆ ಮುಂಚೆ ಪ್ರಾಯೋಗಿಕ ಸಮೀಕ್ಷೆ ಮಾಡಿದ್ದು ಕೋಲಾರ ಜಿಲ್ಲೇಲಿ, ಇದು ನಮ್ಮೋರಿಗೇ ಗೊತ್ತಿಲ್ಲ. ಆಮೇಲೆ 12 ರಾಜ್ಯದಲ್ಲಿ ನಡೆದ ಆ ಸಮೀಕ್ಷೆ ಹೇಳಿದ್ದು, ಸ್ಕಿಜೋಫ್ರೇನಿಯಾ ಮತ್ತೆ ಅದರ ಗುಂಪಿನ ಕಾಯಿಲೆಗಳು ಜೀವನದಲ್ಲಿ ಯಾವಾಗ್ಲಾದ್ರೂ ಬಂದಿರೋರು ನೂರಕ್ಕೆ 1.4 ಜನ, ಕಾಯಿಲೆ ಇರೋ ನಾಲ್ಕು ಜನರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆನೇ ಸಿಕ್ತಿಲ್ಲ. ತುಮಕೂರು ಜಿಲ್ಲೆ ತುರುವೇಕೆರೇಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರೋರನ್ನ ಊರೂರಲ್ಲಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಡಿಸಿ ವರ್ಷಗಟ್ಟಲೆ ಹಿಂದೆ ಬಿದ್ದು ನೋಡ್ಕೊಂಡ ಕಾರ್ಯಕ್ರಮ ಇದೆ, ಅದನ್ನ ನೋಡಿದ್ರೆ ಹಳ್ಳೀಲಿ ಆಗಲ್ಲ ಅನ್ನೋ ನೆಪ ನಿಲ್ಲಲ್ಲ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಅನ್ನೋ ಸರ್ಕಾರಿ ಕಾರ್ಯಕ್ರಮ 2014ರಲ್ಲಿ ಶುರುವಾಯ್ತು, ನಿಮ್ಮ ತಾಲ್ಲೂಕಲ್ಲಿ ಈಗ ಯಾವತ್ತು ಬರ್ತಾರೆ ಅಂತ ಮೊದ್ಲೇ ವಿಚಾರಿಸ್ಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ, ಕಾಸು ಬೇಡ, ಕನ್ನಡದಲ್ಲೇ ಮಾತಾಡ್ಬಹುದು. ಸಾಯಿ ಅಂತಲೋ, ಯಾರಿಗಾದ್ರೂ ಹೊಡಿ ಅಂತಲೋ ದನಿ ಅಪ್ಪಣೆ ಕೊಡ್ತಿದೆ ಅಂದ್ರೆ ಮಂಗಳವಾರಕ್ಕೆ ಕಾಯ್ಬೇಡಿ, ಅವತ್ತೇ ಆಸ್ಪತ್ರೆ. ಅಂದಂಗೆ ಈ ಕಾಯಿಲೆ ಇರೋರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತೋರಲ್ಲ, ತಮಗೆ ತಾವೇ ಏನಾದ್ರೂ ಮಾಡ್ಕೊಳ್ಳೋ ಅಪಾಯನೇ ಜಾಸ್ತಿ.

ಮನೇಲಿ ಏನು ಮಾಡ್ಬೇಕು ಅಂತ ಕೇಳ್ತಾರೆ. "ಹೌದು ನನಗೂ ಕೇಳ್ತಿದೆ" ಅನ್ನಬಾರದು, "ಸುಳ್ಳು" ಅಂತಲೂ ಅನ್ನಬಾರದು. ನನಗೆ ಕೇಳ್ತಿಲ್ಲ, ನಿನಗೆ ಕೇಳ್ತಿದೆ, ಏನಂತಿದಾರೆ ಹೇಳು, ಇಷ್ಟು ಸಾಕು. ಕೆಲವರಿಗೆ ಇಯರ್‌ಫೋನ್ ಹಾಕಿ ಹಾಡು ಕೇಳಿದ್ರೆ, ಬಾಯಲ್ಲಿ ಏನಾದ್ರೂ ಗುನುಗಿದ್ರೆ ದನಿ ಹಿಂದೆ ಸರಿಯುತ್ತೆ, ಅಣ್ಣನಿಗೆ ಯಾರ ಜೊತೆಗಾದ್ರೂ ಜೋರಾಗಿ ಮಾತಾಡಿದ್ರೆ ಆಗುತ್ತೆ. ಅದಕ್ಕೇ ಅವನು ಗೂಡು ಮಾರ್ಕೆಟ್ಟಿಗೆ ತಾನೇ ಹೋಗ್ತಾನೆ, ಹರಾಜಿನ ಗಲಾಟೇಲಿ ಯಾರ ಮಾತೂ ಕೇಳ್ಸಲ್ಲ ಅಂತ ನಗ್ತಾನೆ.

ಹೋದ ವಾರ ಹುಳ ನಾಲ್ಕನೇ ಜ್ವರ ಎದ್ದಿತ್ತು. ರಾತ್ರಿ ಅವನ ಜೊತೆ ಸೊಪ್ಪು ಹಾಕೋಕೆ ಹೋಗಿದ್ದೆ, ಮಾಮೂಲಿ ಸರಸರ ಸದ್ದು. ಅವನು ಒಂದು ಕ್ಷಣ ತಲೆ ಓರೆ ಮಾಡಿ ನಿಂತ.

"ಏನಣ್ಣ, ಬಂದ್ರಾ? ಏನಂತೆ?"

"ಸೊಪ್ಪು ಲೇಟಾಯ್ತು ಅಂತ ಬೈತಿದಾರೆ."

ಲೇಟಾಗಿತ್ತು ನಿಜ, ಸೊಪ್ಪು ಕುಯ್ಯೋಕೆ ಬರ್ತೀನಿ ಅಂದೋಳು ಕೈ ಕೊಟ್ಟಿದ್ಲು. ಇಬ್ರೂ ಸೇರಿ ಬೇಗ ಬೇಗ ಹಾಕಿ ಮುಗಿಸಿದ್ವಿ.